ಗೆಲ್ಲುವ ಹಟದಲ್ಲಿ ರಸ ಹುಟ್ಟೀತೇ?

2010ರ ಏಪ್ರಿಲ್‌ನಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್, ವಿಡಿಯೊ ಗೇಮ್ ಎಂದಿಗೂ ಕಲೆಯಾಗಲಾರದು ಎಂದು ಬರೆದರು. ಮರುವರ್ಷ ಜೂನ್‌ನಲ್ಲಿ ಆ ದೇಶದ ಸುಪ್ರೀಂ ಕೋರ್ಟ್, ಪುಸ್ತಕ, ನಾಟಕ, ಸಿನಿಮಾಗಳಿಗಿರುವ ಅಭಿವ್ಯಕ್ತಿ ಸ್ವಾತಂತ್ರ್ಯ ಗೇಮ್‌ಗಳಿಗೂ ಉಂಟು ಎಂದು ತೀರ್ಪು ಕೊಟ್ಟಿತು. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೋಮಾ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದರ ಬೆನ್ನಿಗೇ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಕಲಾ ವಿಮರ್ಶಕ ಜೊನಾಥನ್ ಜೋನ್ಸ್, ಪಿಕಾಸೊ ಮತ್ತು ವ್ಯಾನ್ ಗೋ ಇರುವಲ್ಲಿ ಪ್ಯಾಕ್‌ಮ್ಯಾನ್‌ಗೆ ಏನು ಕೆಲಸ ಎಂದು ಹರಿಹಾಯ್ದರು.

ಮೂರು ವರ್ಷದೊಳಗೆ ಒಂದು ಪ್ರಶ್ನೆಗೆ ನಾಲ್ಕು ಉತ್ತರ. ಪ್ರಶ್ನೆಯೇ ಸಡಿಲವಾಗಿದ್ದರೆ ಹೀಗಾಗುತ್ತದೆ. ಗೇಮ್‌ನೊಳಗೆ ಚಿತ್ರವಿದೆ, ಸಂಗೀತವಿದೆ, ಕಥೆಯಿದೆ. ಇವನ್ನು ಕಲೆಯೆನ್ನಲು ಯಾರ ಅಡ್ಡಿಯೂ ಇಲ್ಲ. ‘ಸಿವಿಲೈಸೇಶನ್ 4’ಕ್ಕೆ ಕ್ರಿಸ್ಟೋಫರ್ ಟಿನ್ ರಚಿಸಿದ ‘ಬಾಬಾ ಯೇಟು’ ಹಾಡಿಗೆ 2011ರಲ್ಲಿ ಗ್ರ್ಯಾಮಿ ಬಂತು; ಅದರಿಂದ ಹಾಡು ಚೆನ್ನಾಗಿದೆ ಎಂದು ತಿಳಿಯಿತೇ ಹೊರತು ಆಟ ಕಲೆ ಎಂದಲ್ಲ. ಮೈಸೂರಿನ ಗಂಜೀಫ ಎಲೆಗಳ ಗತಿಯೂ ಇದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಬಗೆಯ ಗಂಜೀಫ ಆಟಗಳನ್ನು ರೂಪಿಸಿದ್ದರು. ಇಂದು ಆ ಎಲೆಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ, ಆಡಬಲ್ಲವರು ಸಿಗುವುದೇ ಅಪರೂಪ. ಎಲೆಯ ಮೇಲಿನ ಚಿತ್ರ ಕಲೆ, ಸರಿ. ಆ ಎಲೆ ಹಿಡಿದು ಆಡುವುದು? ವಾದದ ಗಂಟು ಬಿದ್ದಿರುವುದು ಇಲ್ಲಿ. ಈ ಗಂಟನ್ನು ಯಾರು ಎಷ್ಟು ಬಿಡಿಸಿದ್ದಾರೆ ಎಂದು ನೋಡುವುದೇ ಈ ಲೇಖನದ ಕೆಲಸ.

ಪ್ರಶ್ನೆ ಹುಟ್ಟಿದ ಬಗೆ

1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಬರೆದಾಗ, 1972ರಲ್ಲಿ ‘ಪಾಂಗ್’ ಬಂದಾಗ ಇದು ಕಲೆಯೇ ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಮೊದಲು ಕೇಳಿದ್ದು ವಿಮರ್ಶಕರಲ್ಲ, ವಕೀಲರು. ಗೇಮ್ ಯಂತ್ರಗಳಿಗೆ ಲೈಸೆನ್ಸ್ ಬೇಕೇ ಬೇಡವೇ ಎಂಬ ತಂಟೆಯಲ್ಲಿ 1982ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟೊಂದು ವಿಡಿಯೊ ಗೇಮ್ ಅನ್ನು ಪಿನ್‌ಬಾಲ್, ಚೆಸ್, ಬೇಸ್‌ಬಾಲ್ ಸಾಲಿಗೆ ಸೇರಿಸಿತು: ಅದು ಯಾವ ವಿಚಾರವನ್ನೂ ಹೇಳುವುದಿಲ್ಲ, ಆದ್ದರಿಂದ ವಾಕ್ ಸ್ವಾತಂತ್ರ್ಯದ ರಕ್ಷಣೆಯೂ ಇಲ್ಲ.

ಕಲೆಯ ಹಕ್ಕನ್ನು ಮೊದಲು ಗಟ್ಟಿಯಾಗಿ ಕೇಳಿದವರು ವ್ಯಾಪಾರಿಗಳು. 1982ರಲ್ಲಿ ಶುರುವಾದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ತನ್ನ ಹೆಸರಿನಲ್ಲೇ ಕಲೆಯನ್ನು ಕಟ್ಟಿಕೊಂಡಿತು, ಗೇಮ್‌ಗಳನ್ನು ಎಲ್‌ಪಿ ರೆಕಾರ್ಡಿನಂಥ ಚಪ್ಪಟೆ ಕವರಿನಲ್ಲಿ ಪ್ರೋಗ್ರಾಮರ್ ಹೆಸರು ಹಾಕಿ ಮಾರಿತು. ಕಂಪ್ಯೂಟರ್ ನಿಮ್ಮನ್ನು ಅಳಿಸಬಲ್ಲದೇ ಎಂದು ಕೇಳುತ್ತಿದ್ದ ಅದರ ಜಾಹೀರಾತಿನಲ್ಲಿ ಪ್ರೋಗ್ರಾಮರ್‌ಗಳು ರಾಕ್ ಗಾಯಕರಂತೆ ನಿಂತಿದ್ದರು. ಜಾಹೀರಾತು ಜಾಹೀರಾತೇ, ಆದರೂ ಮುಂದಿನ ನಲವತ್ತು ವರ್ಷದ ಮಾತೆಲ್ಲ ಅದು ಹಾಕಿಕೊಟ್ಟ ದಾರಿಯಲ್ಲೇ ನಡೆಯಿತು. ಅಳು ಬಂದರೆ ಕಲೆ ಎನ್ನುವ ಅಳತೆಗೋಲು ಅಲ್ಲಿಂದಲೇ ರೂಢಿಗೆ ಬಂತು. ಇದು ಬಹಳ ಜಾಳು ಅಳತೆಗೋಲು. 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ ಏರಿಸ್ ಎಂಬ ಹುಡುಗಿ ಸಾಯುವ ದೃಶ್ಯಕ್ಕೆ ಒಂದು ತಲೆಮಾರೇ ಅತ್ತಿತು. ಆದರೆ ಆ ಸಾವನ್ನು ಆಟಗಾರ ಏನು ಮಾಡಿದರೂ ತಪ್ಪಿಸಲಾಗದು. ಆ ಹೊತ್ತಿನಲ್ಲಿ ಅವನು ಆಟಗಾರನಲ್ಲ, ಸಿನಿಮಾ ನೋಡುತ್ತಿರುವವನು.

ಈಬರ್ಟ್ ತಕರಾರು

ಈಬರ್ಟ್ ವಾದ 2010ರದ್ದಲ್ಲ. 2005ರಲ್ಲಿ ‘ಡೂಮ್’ ಗೇಮ್ ಆಧರಿಸಿದ ಸಿನಿಮಾವನ್ನು ಜಾಡಿಸಿ, ಗೇಮ್ ಪ್ರಿಯ ಓದುಗರ ಪತ್ರಗಳಿಗೆ ಉತ್ತರ ಕೊಡುವಾಗ ಅದನ್ನು ಮಂಡಿಸಿದ್ದರು. ಕಲೆಗೆ ಕೃತಿಕಾರನ ಹಿಡಿತ ಬೇಕು. ಓದುಗನನ್ನು ಒಂದು ಅನಿವಾರ್ಯ ಕೊನೆಗೆ ಕರೆದೊಯ್ಯುವುದು ಕಲೆ. ಆಯ್ಕೆಗಳ ಬುಟ್ಟಿಯನ್ನೇ ಕೈಗಿಡುವುದು ಕಲೆಯಲ್ಲ. 2010ರ ಬರಹ, ಗೇಮ್ ತಯಾರಕಿ ಕೆಲ್ಲಿ ಸ್ಯಾಂಟಿಯಾಗೊ ಮಾಡಿದ್ದ ಭಾಷಣಕ್ಕೆ ಕೊಟ್ಟ ಉತ್ತರ. ಕಾಲವನ್ನು ಹಿಂದಕ್ಕೆ ತಿರುಗಿಸಿ ತಪ್ಪನ್ನು ತಿದ್ದಿಕೊಳ್ಳಬಹುದಾದ ‘ಬ್ರೇಡ್’ ಗೇಮ್ ಬಗ್ಗೆ, ಚೆಸ್‌ನಲ್ಲಿ ನಡೆಯನ್ನು ವಾಪಸ್ ಪಡೆಯಲು ಬಿಟ್ಟರೆ ಆಟದ ಶಿಸ್ತೇ ಹೋಯಿತಲ್ಲ ಎಂದರು. ಆ ಗೇಮ್‌ಗಳನ್ನು ಅವರು ಆಡಿರಲಿಲ್ಲ. ಸಾವಿರಾರು ಪ್ರತಿಕ್ರಿಯೆ ಬಂದ ಮೇಲೆ ಜುಲೈನಲ್ಲಿ, ಆಡದೆ ಬರೆಯಬಾರದಿತ್ತು ಎಂದು ಒಪ್ಪಿಕೊಂಡರು; ಅಭಿಪ್ರಾಯವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇದೇ ಈಬರ್ಟ್ 1994ರಲ್ಲಿ ‘ಕಾಸ್ಮಾಲಜಿ ಆಫ್ ಕ್ಯೋಟೋ’ ಎಂಬ ಜಪಾನಿ ಗೇಮ್ ಅನ್ನು ಮೆಚ್ಚಿ ಬರೆದಿದ್ದರೆಂಬುದು ಅವರ ಎದುರಾಳಿಗಳಲ್ಲೂ ಹಲವರಿಗೆ ನೆನಪಿರಲಿಲ್ಲ.

ಈಬರ್ಟ್ ಒಂಟಿಯೇನಲ್ಲ. ‘ಮೆಟಲ್ ಗೇರ್ ಸಾಲಿಡ್’ ಖ್ಯಾತಿಯ ಹಿಡಿಯೊ ಕೊಜಿಮಾ 2006ರಲ್ಲೇ ಗೇಮ್ ಕಲೆಯಲ್ಲ, ಸೇವೆ ಎಂದಿದ್ದರು. ನೂರು ಜನರಲ್ಲಿ ಒಬ್ಬನ ಮನಸ್ಸು ಸೆಳೆದರೂ ಅದು ಕಲೆ; ಗೇಮ್ ನೂರು ಜನರಿಗೂ ಹಿಡಿಸಲೇಬೇಕು ಎಂಬುದು ಅವರ ತರ್ಕ. ಹಳೆಯ ಗೇಮ್ ಡಿಸೈನರ್ ಬ್ರಯನ್ ಮೊರಿಯಾರ್ಟಿ 2011ರಲ್ಲಿ ಗೇಮ್ ತಯಾರಕರ ಸಮ್ಮೇಳನದಲ್ಲೇ ನಿಂತು ಈಬರ್ಟ್ ಪರ ವಾದಿಸಿದರು. ಒಳಗಿನವರೇ ಹೀಗೆಂದಾಗ ಇದನ್ನು ಮುದುಕರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ.

ಆದರೂ ‘ಕೃತಿಕಾರನ ಹಿಡಿತ’ ಎಂಬ ವಾದ ನಮ್ಮ ಕಡೆ ಬಂದು ನಿಂತರೆ ಕುಸಿಯುತ್ತದೆ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಕವಿಯದು, ಅರ್ಥ ಅರ್ಥಧಾರಿಯದು. ಇವತ್ತಿನ ಕೃಷ್ಣ ನಾಳಿನ ಕೃಷ್ಣನಲ್ಲ, ಸಂಧಾನ ಯಾವ ಮಾತಿನಲ್ಲಿ ಮುರಿಯುತ್ತದೆಂದು ಭಾಗವತರಿಗೂ ಗೊತ್ತಿರುವುದಿಲ್ಲ. ಅದನ್ನು ಕಲೆಯಲ್ಲ ಎನ್ನುವ ಧೈರ್ಯ ಯಾರಿಗಿದೆ? ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅರ್ಥಧಾರಿಯ ಎದುರು ಕೇಳುವ ಸಭೆಯಿದೆ. ಮನೆಯಲ್ಲಿ ಒಬ್ಬನೇ ಕೂತು ಗೇಮ್ ಆಡುವವನ ಎದುರು ಯಾರೂ ಇಲ್ಲ; ಆಡುವವನೂ ಅವನೇ, ಸವಿಯಬೇಕಾದವನೂ ಅವನೇ.

ಕಥೆಯ ಪಕ್ಷ, ನಿಯಮದ ಪಕ್ಷ

ವಿಶ್ವವಿದ್ಯಾಲಯಗಳಲ್ಲಿ ಜಗಳ ಬೇರೆಯೇ ರೂಪ ತಾಳಿತು. 1997ರಲ್ಲಿ ಜಾನೆಟ್ ಮರ್ರೆ ಅವರ ‘ಹ್ಯಾಮ್ಲೆಟ್ ಆನ್ ದಿ ಹೋಲೊಡೆಕ್’, ನಾರ್ವೆಯ ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’ ಎರಡೂ ಬಂದವು. ಮರ್ರೆಗೆ ಗೇಮ್ ಕಥೆ ಹೇಳುವ ಹೊಸ ಮಾಧ್ಯಮ. ಆರ್ಸೆತ್‌ಗೆ ಅದು ಕಥೆಯೇ ಅಲ್ಲ. ಕಥೆ, ಪಾತ್ರಗಳೆಲ್ಲ ಮೇಲಿನ ಹೊದಿಕೆ. ‘ಟೂಂಬ್ ರೈಡರ್’ ಗೇಮ್‌ನ ನಾಯಕಿ ಲಾರಾ ಕ್ರಾಫ್ಟ್ ನೋಡಲು ಹೇಗಿದ್ದರೂ ಆಟಗಾರನಾಗಿ ನಾನು ಆಡುವುದು ಹಾಗೆಯೇ ಎಂದು ಅವರು ವಾದಿಸಿದರು. ಮರ್ರೆ ‘ಟೆಟ್ರಿಸ್’ ಆಟದಲ್ಲಿ 1990ರ ದಶಕದ ಅಮೆರಿಕನ್ನರ ಉಸಿರು ಕಟ್ಟುವ ದುಡಿಮೆಯ ಚಿತ್ರ ಕಂಡರು. ಮೇಲಿಂದ ಬೀಳುವ ಕೆಲಸವನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಮುಂದಿನದು ಬೀಳುತ್ತದೆ. ಎದುರು ಪಕ್ಷದವರಿಗೆ ಇದು ನಗುವಿನ ಸರಕಾಯಿತು, ಏಕೆಂದರೆ 1984ರಲ್ಲಿ ಟೆಟ್ರಿಸ್ ಹುಟ್ಟಿದ್ದು ಮಾಸ್ಕೊದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ, ಅಲೆಕ್ಸಿ ಪಾಜಿತ್ನೊವ್ ಕೈಯಲ್ಲಿ.

ನನಗೆ ಕಥೆಯ ಪಕ್ಷದ ಮೇಲೆ ದೊಡ್ಡ ಭರವಸೆಯಿಲ್ಲ. ಅವರು ಹೊಗಳುವ ಬಹಳಷ್ಟು ಗೇಮ್‌ಗಳ ಕಥೆಯನ್ನು ಕಾದಂಬರಿಯಾಗಿ ಅಚ್ಚು ಹಾಕಿಸಿದರೆ ಓದುವವರು ಸಿಗುವುದು ಕಷ್ಟ. ಆದರೆ ನಿಯಮದ ಪಕ್ಷ ಮುಂದೊಂದು ಹೆಜ್ಜೆ ಇಟ್ಟಿತು. ಇಯಾನ್ ಬೊಗೊಸ್ಟ್ 2007ರಲ್ಲಿ, ಆಟದ ನಿಯಮವೇ ವಾದ ಹೂಡಬಲ್ಲದು ಎಂದರು. ಹಳೆಯ ಆಟಗಳಲ್ಲೇ ಇದಕ್ಕೆ ಸಾಕ್ಷಿಯಿದೆ. ಲಿಝಿ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ, ಮುಂದೆ ಮೊನಾಪಲಿಗೆ ಮೂಲವಾದ ಆಟ, ಭೂಮಾಲೀಕರು ಬಾಡಿಗೆಯಿಂದ ಉಳಿದವರನ್ನು ಹೇಗೆ ಹಿಂಡುತ್ತಾರೆಂದು ತೋರಿಸಲು ಮಾಡಿದ್ದು. ನಮ್ಮ ಪರಮಪದ ಸೋಪಾನ ಪಟದಲ್ಲಿ ಪುಣ್ಯ ಏಣಿ, ಪಾಪ ಹಾವು. ದಾಳ ಉರುಳಿಸುವ ಮಗುವಿಗೆ ಕರ್ಮಸಿದ್ಧಾಂತ ಬೆರಳ ತುದಿಯಲ್ಲಿ ಪಾಠವಾಗುತ್ತದೆ.

ಎರಡು ಗೇಮ್, ಹತ್ತಿರದಿಂದ

ಜೇಸನ್ ರೋಹ್ರರ್ 2007ರಲ್ಲಿ ಮಾಡಿದ ‘ಪ್ಯಾಸೇಜ್’ ಐದೇ ನಿಮಿಷದ ಗೇಮ್. ಪರದೆ 100 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಒಂದು ಸೀಳು. ಎಡ ಅಂಚಿನಲ್ಲಿ ಒಬ್ಬ ಹುಡುಗ; ಮುಂದಿರುವುದೆಲ್ಲ ಮಸುಕು. ಬಲಕ್ಕೆ ನಡೆದರೆ ಪಾಯಿಂಟ್ ಬರುತ್ತದೆ, ಕೆಳಗಿಳಿದರೆ ಗೋಡೆಗಳ ನಡುವೆ ಪೆಟ್ಟಿಗೆಗಳು ಸಿಗುತ್ತವೆ. ದಾರಿಯಲ್ಲಿ ಒಬ್ಬ ಹುಡುಗಿ ನಿಂತಿರುತ್ತಾಳೆ. ಅವಳ ಬಳಿ ಹೋದರೆ ಜೊತೆಯಾಗುತ್ತಾಳೆ, ಇಬ್ಬರೂ ನಡೆದರೆ ಪಾಯಿಂಟ್ ದುಪ್ಪಟ್ಟು. ಆದರೆ ಒಬ್ಬನೇ ನುಸುಳಬಹುದಾದ ಸಂದುಗಳಲ್ಲಿ ಇಬ್ಬರು ಹಿಡಿಸುವುದಿಲ್ಲ. ಕಣ್ಣೆದುರೇ ಪೆಟ್ಟಿಗೆಯಿರುತ್ತದೆ, ಹೋಗಲಾಗುವುದಿಲ್ಲ. ಅವನ ಕೂದಲು ಉದುರುತ್ತದೆ, ನಿಂತ ಜಾಗ ಎಡದಿಂದ ಬಲಕ್ಕೆ ಸರಿಯುತ್ತ ಬಂದು, ಕೊನೆಗೆ ಮುಂದೆ ನೋಡಲು ಏನೂ ಉಳಿಯದೆ ಹಿಂದಿನದಷ್ಟೇ ಮಸುಕಾಗಿ ಕಾಣುತ್ತದೆ. ಅವಳು ಮೊದಲು ಹೋಗುತ್ತಾಳೆ. ಇದ್ದಲ್ಲಿ ಒಂದು ಗೋರಿಕಲ್ಲು. ಆಮೇಲೆ ಅವನ ನಡಿಗೆ ತೀರ ನಿಧಾನವಾಗುತ್ತದೆ. ಇಡೀ ಗೇಮ್‌ನಲ್ಲಿ ಒಂದು ಮಾತಿಲ್ಲ. ದಾಂಪತ್ಯದ ಲಾಭ ನಷ್ಟವೆಲ್ಲ ಆ ಸಂದಿನ ಅಗಲದಲ್ಲಿದೆ.

ಲ್ಯೂಕಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ (2013) ಇನ್ನೂ ಒರಟು. ಕಾಲ 1982, ಅರ್ಸ್ಟೋಟ್ಜ್ಕಾ ಎಂಬ ಕಾಲ್ಪನಿಕ ಕಮ್ಯುನಿಸ್ಟ್ ದೇಶದ ಗಡಿ. ನೀವು ಪಾಸ್‌ಪೋರ್ಟ್ ನೋಡಿ ಸೀಲು ಒತ್ತುವ ಗುಮಾಸ್ತ. ದಿನಕ್ಕೊಂದು ಹೊಸ ನಿಯಮ. ಎಷ್ಟು ಜನರ ಕಾಗದ ನೋಡಿದಿರೋ ಅಷ್ಟು ಸಂಬಳ. ತಪ್ಪು ಹೆಚ್ಚಿದರೆ ದಂಡ. ಸಂಜೆ ಲೆಕ್ಕದ ಹಾಳೆ ಬರುತ್ತದೆ: ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ದುಡ್ಡು ಸಾಲದಿದ್ದರೆ ಹೆಂಡತಿ, ಮಗ, ಅತ್ತೆ ಮೊದಲಾದ ಮನೆಯವರಲ್ಲಿ ಯಾರಾದರೂ ಕಾಯಿಲೆ ಬೀಳುತ್ತಾರೆ. ಹೀಗಿರುವಾಗ ಒಬ್ಬ ಸರಿಯಾದ ಕಾಗದ ಕೊಟ್ಟು ದಾಟುತ್ತಾನೆ, ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ ಎನ್ನುತ್ತಾನೆ. ಅವಳ ಬಳಿ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ಕೊಲ್ಲುತ್ತಾರೆ ಎಂದು ಬೇಡುತ್ತಾಳೆ. ಬಿಡುತ್ತೀರಾ? ಬಿಟ್ಟರೂ ಬಿಡದಿದ್ದರೂ ಹಿಂದೆ ಸಾಲು ಬೆಳೆದಿರುತ್ತದೆ. ಗಡಿಯಾಚೆಯ ಸಂಕಟದ ಬಗ್ಗೆ ಕಾದಂಬರಿಗಳು ಬೇಕಾದಷ್ಟಿವೆ. ಆದರೆ ಸೀಲು ಒತ್ತುವ ಕೈ ಕಲ್ಲಾಗುವುದನ್ನು ನಮ್ಮದೇ ಕೈಯಲ್ಲಿ ತೋರಿಸುವುದು ಕಾದಂಬರಿಗೆ ಆಗದ ಕೆಲಸ.

ತತ್ವಶಾಸ್ತ್ರಜ್ಞರ ಲೆಕ್ಕಾಚಾರ

2005ರಲ್ಲಿ ಏರನ್ ಸ್ಮಟ್ಸ್, 2009ರಲ್ಲಿ ಗ್ರ್ಯಾಂಟ್ ಟ್ಯಾವಿನರ್, ಚಾಲ್ತಿಯಲ್ಲಿರುವ ಕಲೆಯ ಸಿದ್ಧಾಂತಗಳ ಪ್ರಕಾರ ಕೆಲವು ಗೇಮ್‌ಗಳಾದರೂ ಕಲೆಯೇ ಎಂದು ತೋರಿಸಿದರು. ಅಚ್ಚುಕಟ್ಟಾದ ಕೆಲಸ, ಆದರೆ ರೋಮಾಂಚನವಿಲ್ಲ. ಸಿನಿಮಾವನ್ನು ಒಳಗೆ ಬಿಟ್ಟ ಬಾಗಿಲಿನಲ್ಲೇ ಗೇಮ್ ಅನ್ನೂ ಬಿಟ್ಟಂತೆ. ಆಟ ಎಂಬ ವಸ್ತು ಅಲ್ಲೂ ಹೊರಗೇ ಉಳಿಯಿತು.

ಅದನ್ನು ನಡುಮನೆಗೆ ತಂದವರು ಸಿ. ಥಿ ನುಯೆನ್, 2020ರ ‘ಗೇಮ್ಸ್: ಏಜೆನ್ಸಿ ಆ್ಯಸ್ ಆರ್ಟ್’ ಪುಸ್ತಕದಲ್ಲಿ. ಚಿತ್ರಕಾರನ ಸಾಮಗ್ರಿ ಬಣ್ಣ, ಗೇಮ್ ಮಾಡುವವನ ಸಾಮಗ್ರಿ ನಮ್ಮ ಕರ್ತೃತ್ವವೇ ಎನ್ನುತ್ತಾರೆ ಅವರು. ಏನನ್ನು ಬಯಸಬೇಕು, ಯಾವ ಶಕ್ತಿ ಕೈಯಲ್ಲಿರಬೇಕು, ಯಾವ ಅಡ್ಡಿ ಎದುರಾಗಬೇಕು ಎಂಬುದನ್ನೆಲ್ಲ ಅವನು ರೂಪಿಸುತ್ತಾನೆ. ನಾವು ಆ ಬಯಕೆಯನ್ನು ಹೊತ್ತಿನ ಮಟ್ಟಿಗೆ ತೊಟ್ಟುಕೊಳ್ಳುತ್ತೇವೆ. ಗೆಲ್ಲಬೇಕೆಂದು ಹೆಣಗುತ್ತೇವೆ, ಆದರೆ ಬೇಕಾಗಿರುವುದು ಗೆಲುವಲ್ಲ, ಹೆಣಗಾಟದ ಸೊಗಸು. ಕೊನೇ ಗಳಿಗೆಯಲ್ಲಿ ಟೆಟ್ರಿಸ್‌ನ ಉದ್ದನೆಯ ತುಂಡು ಸಂದಿಗೆ ಸರಕ್ಕನೆ ಇಳಿದಾಗ ಆಗುವ ಖುಷಿ, ಚೆಲುವಿನ ಅನುಭವ. ಚೆಲುವು ಪರದೆಯ ಮೇಲಿಲ್ಲ, ಆಡಿದವನ ನಿರ್ಧಾರದಲ್ಲಿದೆ.

ರಸದ ಕಡೆಯಿಂದ

ಈ ವಾದವನ್ನು ಭಾರತೀಯ ಕಾವ್ಯಮೀಮಾಂಸೆಯ ಎದುರು ನಿಲ್ಲಿಸಿದವರು ಕಡಿಮೆ. ನಿಲ್ಲಿಸಿದರೆ ಈಬರ್ಟ್‌ಗಿಂತ ಬಲವಾದ ಆಕ್ಷೇಪ ಸಿಗುತ್ತದೆ. ನಾಟ್ಯಶಾಸ್ತ್ರದ ಆರಂಭದಲ್ಲಿ ದೇವತೆಗಳು ಬ್ರಹ್ಮನನ್ನು ಕೇಳುವುದು ನೋಡಲೂ ಕೇಳಲೂ ಆಗುವ ಒಂದು ಆಟದ ವಸ್ತುವನ್ನು. ಆಟಕ್ಕೂ ಕಲೆಗೂ ನಮ್ಮಲ್ಲಿ ಹುಟ್ಟುಹಗೆ ಇಲ್ಲ. ತೊಡಕು ಮುಂದಿದೆ. ಭಟ್ಟನಾಯಕ ಹೇಳಿದ ಸಾಧಾರಣೀಕರಣ ಆಗಬೇಕಾದರೆ ಭಾವ ನನ್ನದೂ ಅಲ್ಲ, ಅವನದೂ ಅಲ್ಲ ಎನ್ನುವಂತಾಗಬೇಕು. ಅಭಿನವಗುಪ್ತ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ತನ್ನ ಸ್ವಂತ ಸುಖದುಃಖಕ್ಕೆ ವಶವಾಗಿರುವುದು. ಗೇಮ್‌ನಲ್ಲಿ ಹುಲಿ ಅಟ್ಟಿಸಿಕೊಂಡು ಬಂದರೆ ಓಡಬೇಕಾದವನು ನಾನು. ಅದು ಭಯಾನಕ ರಸವೋ, ಬರೀ ಭಯವೋ? ಲೈಫ್ ಹೋಯಿತು ಎಂದು ರಿಮೋಟ್ ಎಸೆಯುವವನಲ್ಲಿ ಇರುವುದು ರೌದ್ರವಲ್ಲ, ಸಿಟ್ಟು.

ನುಯೆನ್ ಕಡೆಯಿಂದ ಉತ್ತರ ಹೀಗೆ ಬರಬಹುದು: ಆ ಗೆಲ್ಲುವ ಬಯಕೆಯೇ ತೊಟ್ಟ ವೇಷ, ಸ್ವಂತದ್ದಲ್ಲ; ಸ್ವಿಚ್ ಆರಿಸಿದ ಮೇಲೆ ಅದು ಉಳಿಯುವುದಿಲ್ಲ. ಹಾಗಾದರೆ ಆಟಗಾರ ಪ್ರೇಕ್ಷಕನಲ್ಲ, ನಟ. ನಟನೋ ಅಭಿನವಗುಪ್ತನ ಪ್ರಕಾರ ರಸದ ಪಾತ್ರೆ ಮಾತ್ರ, ಸವಿಯುವವನಲ್ಲ. ಒಂದೇ ದೇಹದಲ್ಲಿ ಪಾತ್ರೆಯೂ ಸಹೃದಯನೂ ಇರಬಲ್ಲರೇ ಎಂಬುದು ಹಳೆಯ ಶಾಸ್ತ್ರ ಎದುರಿಸದ ಪ್ರಶ್ನೆ. ‘ಪೇಪರ್ಸ್, ಪ್ಲೀಸ್’ ಆಡುವಾಗ ಇರಬಲ್ಲರು ಎನ್ನಿಸುತ್ತದೆ: ಕೈ ಸೀಲು ಒತ್ತುತ್ತಿರುತ್ತದೆ, ಒಳಗೊಬ್ಬ ಆ ಕೈಯನ್ನು ನೋಡುತ್ತಿರುತ್ತಾನೆ. ಮೊಬೈಲ್‌ನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಗೇಮ್ ಆಡುವಾಗ ಆ ಒಳಗಿನವನಿಗೆ ಪುರಸೊತ್ತಿಲ್ಲ. ಆದ್ದರಿಂದ ಗೇಮ್ ಎಂಬ ಇಡೀ ಜಾತಿಗೆ ಒಂದೇ ತೀರ್ಪು ಕೊಡುವುದು ನನಗೆ ಸರಿಕಾಣದು.

ಸರ್ಕಾರಗಳೂ ಸಂಗ್ರಹಾಲಯಗಳೂ

ಸರ್ಕಾರಗಳು ಇಷ್ಟು ತಲೆ ಕೆಡಿಸಿಕೊಂಡಿಲ್ಲ. ಫ್ರಾನ್ಸ್ 2006ರಲ್ಲೇ ಮಾರಿಯೊ ಸೃಷ್ಟಿಸಿದ ಶಿಗೆರು ಮಿಯಮೊಟೊ ಅವರಿಗೆ ಕಲೆ ಮತ್ತು ಸಾಹಿತ್ಯದ ಗೌರವ ಕೊಟ್ಟಿತು. ದಕ್ಷಿಣ ಕೊರಿಯಾ 2022ರಲ್ಲಿ ಕಾನೂನು ತಿದ್ದಿ ಗೇಮ್ ಅನ್ನು ಕಲೆಗಳ ಪಟ್ಟಿಗೆ ಸೇರಿಸಿತು. ಜರ್ಮನಿಯ ಕಥೆ ಸ್ವಾರಸ್ಯದ್ದು. ಅಲ್ಲಿ ನಾಜಿ ಚಿಹ್ನೆಗಳಿಗೆ ನಿಷೇಧ, ಕಲಾಕೃತಿಗೆ ವಿನಾಯಿತಿ. ಸಿನಿಮಾ ಕಲೆ, ಆದ್ದರಿಂದ ಸ್ವಸ್ತಿಕ ತೋರಿಸಬಹುದು; ಗೇಮ್‌ಗೆ ಆ ಭಾಗ್ಯವಿರಲಿಲ್ಲ. 2017ರ ‘ವುಲ್ಫೆನ್‌ಸ್ಟೈನ್ 2’ರ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರನ ಮೀಸೆಯನ್ನೇ ಬೋಳಿಸಬೇಕಾಯಿತು. ಮರುವರ್ಷ ಗೇಮ್‌ಗಳಿಗೆ ವಯೋಮಿತಿ ನಿಗದಿ ಮಾಡುವ ಸಂಸ್ಥೆ ಧೋರಣೆ ಬದಲಿಸಿ, ಒಂದೊಂದನ್ನೂ ನೋಡಿ ತೀರ್ಮಾನಿಸುತ್ತೇವೆ ಎಂದಿತು. ಅಮೆರಿಕದ ತೀರ್ಪಿಗೆ ಕಾರಣವಾದದ್ದು, ಹಿಂಸೆಯ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ 2005ರ ಕಾನೂನು. ಅದಕ್ಕೆ ಸಹಿ ಹಾಕಿದ ಗವರ್ನರ್ ‘ಟರ್ಮಿನೇಟರ್’ ನಾಯಕ ಅರ್ನಾಲ್ಡ್ ಶ್ವಾರ್ಜ್‌ನೆಗರ್! ಏಳಕ್ಕೆ ಎರಡರಂತೆ ಅದು ಬಿದ್ದುಹೋಯಿತು. ಗ್ರಿಮ್ ಸಹೋದರರ ಕಥೆಗಳಲ್ಲೂ ರಕ್ತ ಹರಿಯುತ್ತದಲ್ಲ ಎಂದು ಬರೆದರು ನ್ಯಾಯಮೂರ್ತಿ ಸ್ಕಾಲಿಯಾ.

ಮೋಮಾದ ಜಾಣತನವನ್ನೂ ಗಮನಿಸಬೇಕು. ಗೇಮ್‌ಗಳನ್ನು ಅದು ಚಿತ್ರ, ಶಿಲ್ಪಗಳ ಜೊತೆ ಇಡಲಿಲ್ಲ; ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗಕ್ಕೆ, ಕುರ್ಚಿ ದೀಪಗಳ ಪಕ್ಕಕ್ಕೆ ಹಾಕಿತು.

ನಮ್ಮಲ್ಲಿ ಕೋರ್ಟುಗಳು ಕೇಳುತ್ತ ಬಂದ ಪ್ರಶ್ನೆಯೇ ಬೇರೆ: ಇದು ಕೌಶಲ್ಯವೋ, ಅದೃಷ್ಟವೋ? ಬಹುಮಾನ ಸ್ಪರ್ಧೆಗಳ ಕುರಿತ 1957ರ ಚಮರ್‌ಬಾಗ್‌ವಾಲಾ ತೀರ್ಪು, 1967ರಲ್ಲಿ ರಮ್ಮಿಯನ್ನು ಕೌಶಲ್ಯದ ಆಟ ಎಂದ ತೀರ್ಪು, 2022ರ ಫೆಬ್ರವರಿಯಲ್ಲಿ ರಾಜ್ಯದ ಆನ್‌ಲೈನ್ ಗೇಮ್ ನಿಷೇಧವನ್ನು ಕರ್ನಾಟಕ ಹೈಕೋರ್ಟ್ ರದ್ದುಮಾಡಿದ್ದು, ಎಲ್ಲದರ ನಡುವಿನ ಎಳೆ ಇದೇ. 2025ರ ಕೇಂದ್ರ ಕಾಯ್ದೆ ಹಣದ ಆಟ, ಇ-ಸ್ಪೋರ್ಟ್ಸ್, ಸಾಮಾಜಿಕ ಆಟ ಎಂದು ಮೂರು ಪಾಲು ಮಾಡಿತು. ಕಲೆಗೆ ಅಲ್ಲಿ ಖಾನೆಯಿಲ್ಲ. ಹಾಗೆಂದು ಬೆಂಗಳೂರಿಗೆ ಈ ಕಸುಬು ಹೊಸದಲ್ಲ. ಧ್ರುವ ಇಂಟರಾಕ್ಟಿವ್ 1997ರಲ್ಲೇ ಇಲ್ಲಿ ಶುರುವಾಯಿತು. ಆದರೆ ಹೊರದೇಶದ ಗೇಮ್‌ಗಳಿಗಾಗಿ ಊರಿಗೆ ಬಂದ ಕೆಲಸ ಬಹುಮಟ್ಟಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರಣ. ಆಟದ ನಿಯಮ ರೂಪುಗೊಳ್ಳುತ್ತಿದ್ದುದು ಬೇರೆಡೆ. ಈಗೀಗ ಪುಣೆಯಲ್ಲಿ ಹುಟ್ಟಿದ ‘ರಾಜಿ’ (2020), ಕೆನಡಾದ ತಮಿಳು ಕುಟುಂಬವೊಂದರ ಹರಿದ ಅಡುಗೆ ಪುಸ್ತಕದಿಂದ ಇಡ್ಲಿ ಬೇಯಿಸುವ ಬಗೆಯನ್ನು ಆಟಗಾರನೇ ಊಹಿಸಬೇಕಾದ ‘ವೆಂಬಾ’ (2023) ಇಂಥವು ಬಂದಿವೆ.

ತೀರದೆ ಉಳಿದದ್ದು

ಕೃತಿ ಯಾರದು ಎಂಬುದು ಮೊದಲ ತಗಾದೆ. ಮೋಮಾ ಕೊಂಡ ‘ಈವ್ ಆನ್‌ಲೈನ್’ ಸಾವಿರಾರು ಜನ ಒಟ್ಟಿಗೆ ಆಡುವ ಬ್ರಹ್ಮಾಂಡ. ಅದನ್ನು ಸಭಾಂಗಣದಲ್ಲಿ ತೋರಿಸಲು ಆಗದೆ ವಿಡಿಯೊ ಹಾಕಿದರು. ಆಡಲಾಗದ ಗೇಮ್ ಕೃತಿಯೋ, ಕೃತಿಯ ಫೋಟೊವೋ? ಉಳಿಸಿಕೊಳ್ಳುವ ಚಿಂತೆ ಇನ್ನೂ ದೊಡ್ಡದು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫ‌ೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಕಂಪನಿ ಸರ್ವರ್ ಆರಿಸಿದರೆ ದುಡ್ಡು ಕೊಟ್ಟು ಕೊಂಡವನ ಕೈಯಲ್ಲೂ ಏನೂ ಉಳಿಯುವುದಿಲ್ಲ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬಯಕೆಯನ್ನು ರೂಪಿಸುವುದೇ ಈ ಕಲೆಯ ಸಾಮಗ್ರಿಯಾದರೆ, ಜೇಬು ಖಾಲಿ ಮಾಡಿಸಲು ಬಯಕೆ ರೂಪಿಸುವವನೂ ಅದೇ ಸಾಮಗ್ರಿಯಲ್ಲಿ ಪಳಗಿದವನು. ಇವರಿಬ್ಬರನ್ನು ಬೇರೆ ಮಾಡುವ ಗೆರೆಯನ್ನು ನುಯೆನ್ ಕೂಡ ಗಟ್ಟಿಯಾಗಿ ಎಳೆದಂತೆ ನನಗೆ ಕಾಣಲಿಲ್ಲ.

ಕಲೆ ಎಂದು ಒಪ್ಪಿದರೆ ಗೇಮ್‌ಗೆ ಸಿಗುವುದು ಸ್ವಾತಂತ್ರ್ಯವೇ ಎಂಬುದೂ ಭಾರತದಲ್ಲಿ ಖಚಿತವಿಲ್ಲ. ಸಾಕ್ಷ್ಯಚಿತ್ರವೊಂದರ ಸೆನ್ಸಾರ್ ವಿರುದ್ಧ ಕೆ.ಎ. ಅಬ್ಬಾಸ್ ಹೂಡಿದ್ದ ಮೊಕದ್ದಮೆಯಲ್ಲಿ 1970ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಸಿನಿಮಾ ಉಳಿದ ಕಲೆಗಳಿಗಿಂತ ಮನಸ್ಸನ್ನು ಆಳವಾಗಿ ಕಲಕುತ್ತದೆ ಎಂಬ ಕಾರಣಕ್ಕೇ ಅದಕ್ಕೆ ಮುಂಚಿತ ಸೆನ್ಸಾರ್ ಸರಿ ಎಂದಿತ್ತು. ಗಡಿ ಗುಮಾಸ್ತನ ಆಟದಂಥ ಒಂದು ಗೇಮ್ ನಾಳೆ ಇಲ್ಲಿ ತಯಾರಾಗಿ ಕೋರ್ಟು ಹತ್ತಿದರೆ, ಅದನ್ನು ಪುಸ್ತಕದ ಹಾಗೆ ಬಿಡುತ್ತಾರೋ, ಸಿನಿಮಾದ ಹಾಗೆ ಮೊದಲು ಸರ್ಟಿಫಿಕೇಟ್ ತಾ ಎನ್ನುತ್ತಾರೋ, ರಮ್ಮಿಯ ಹಾಗೆ ಕೌಶಲ್ಯ ಎಷ್ಟು ಅದೃಷ್ಟ ಎಷ್ಟು ಎಂದು ಅಳೆಯಲು ಕೂರುತ್ತಾರೋ, ಇನ್ನೂ ತೀರ್ಮಾನವಾಗಬೇಕಿದೆ.